ಕಾಯ್ದೆ ಪ್ರಕಾರ ಇಲ್ಲಿ ಸದ್ದಿಲ್ಲ

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಉದ್ದ 446 ಕಿಲೋಮೀಟರ್. ಅಗಲ ಕೆಲವು ಕಡೆ 29 ಕಿಲೋಮೀಟರ್. ಆಳ ಸುಮಾರು 1,800 ಮೀಟರ್. ಅಂಚಿಗೆ ಹೋಗಿ ನಿಂತರೆ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಇಷ್ಟು ದೊಡ್ಡದನ್ನು ನೋಡೋಕೆ ಹೆಲಿಕಾಪ್ಟರ್ ಬೇಕೇಬೇಕು ಅಂತ ಜನರ ತಲೆಗೆ ಯಾರು ತುಂಬಿದರೋ. ಒಮ್ಮೆ ತಲೆಗೆ ಹೊಕ್ಕಿತು ಅಂದರೆ ಕಣಿವೆಯ ಮಾತು ಅಲ್ಲಿಗೆ ಮುಗೀತು. ಆಮೇಲೆ ಚರ್ಚೆಯೆಲ್ಲ ಪ್ಯಾಕೇಜಿನದ್ದೇ.

ಮೊದಲ ಗೊಂದಲ, ಯಾವ ಅಂಚು? ಸೌತ್ ರಿಮ್, ಅಂದರೆ ದಕ್ಷಿಣದ ಅಂಚಿನ ಪಕ್ಕದ ಊರಾದ ಟೂಸಾಯಾನ್‌ನಿಂದ ಹೊರಟರೆ ನ್ಯಾಷನಲ್ ಪಾರ್ಕ್ ಮೇಲೆ ಹಾರಬಹುದು, ಆದರೆ ಕಣಿವೆಯೊಳಗೆ ಇಳಿಯುವಂತಿಲ್ಲ. ಲಾಸ್ ವೇಗಾಸ್‌ನಿಂದ ಮುಕ್ಕಾಲು ಗಂಟೆ ಹಾರಿ ವೆಸ್ಟ್ ರಿಮ್‌ಗೆ ಹೋದರೆ ಅದು ಹುವಾಲಪೈ ಬುಡಕಟ್ಟಿನವರ ನೆಲ. ಪಾರ್ಕಿನ ನಿಯಮ ಅಲ್ಲಿ ನಡೆಯುವುದಿಲ್ಲ. ಸೀದಾ ಕೆಳಗೆ ಇಳಿಸುತ್ತಾರೆ. ಅವರ ನೆಲ, ಅವರ ಆದಾಯ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಕಣ್ಣು ಇಳಿದವರ ಮೇಲೆ. ಕೊಲರಾಡೋ ನದಿ ಐವತ್ತು-ಅರವತ್ತು ಲಕ್ಷ ವರ್ಷ ಕೊರೆದು ಮುಟ್ಟಿದ ತಳವನ್ನು ಇವರು ಕೆಲವೇ ನಿಮಿಷದಲ್ಲಿ ಮುಟ್ಟಿ, ಕೈಗೊಂದು ಗ್ಲಾಸ್ ಶಾಂಪೇನ್ ಹಿಡಿದು ನಿಲ್ಲುತ್ತಾರೆ. ಊರಿಗೆ ಬಂದ ಮೇಲೆ ವಿಚಾರಿಸಿ ನೋಡಿ. ಕಣಿವೆ ಹೇಗಿತ್ತು ಅಂದರೆ "ಸೂಪರ್". ಶಾಂಪೇನ್ ಹೇಗಿತ್ತು ಅಂದರೆ ಹತ್ತು ನಿಮಿಷ ವಿವರಣೆ, ತಣ್ಣಗಿರಲಿಲ್ಲ ಅನ್ನುವ ದೂರಿನ ಸಮೇತ.

ಹತ್ತುವ ಮುಂಚೆ ತಕ್ಕಡಿ ಮೇಲೆ ನಿಲ್ಲಿಸುತ್ತಾರೆ. ಬಾಯಲ್ಲಿ ಹೇಳಿದ ತೂಕವನ್ನು ಅಲ್ಲಿ ಯಾರೂ ನಂಬುವುದಿಲ್ಲ, ನಂಬದೇ ಇರುವುದೇ ಒಳ್ಳೇದು. ಯಾರು ಎಲ್ಲಿ ಕೂರಬೇಕು ಅನ್ನುವುದು ಆ ತೂಕದ ಮೇಲೆ ತೀರ್ಮಾನ. ಆರು ತಿಂಗಳ ಹಿಂದೆಯೇ ಬುಕ್ ಮಾಡಿದ್ದೆ, ಕಿಟಕಿ ಸೀಟು ಕೊಡಿ ಅಂದರೆ ನಡೆಯುವುದಿಲ್ಲ. ಗಂಡನಿಗೆ ಪೈಲಟ್ ಪಕ್ಕದ ಸೀಟು, ಹೆಂಡತಿಗೆ ಹಿಂದಿನ ಸಾಲಿನ ನಡುವಿನ ಜಾಗ. ಕಣಿವೆಯ ಅಂಚು ಬಂದಾಗ ಆಯಮ್ಮನಿಗೆ ಕಾಣುವುದು ಗಂಡನ ಬೋಳು ನೆತ್ತಿ, ಎಡಕ್ಕೆ ಒಬ್ಬರ ಮೊಣಕೈ, ಬಲಕ್ಕೆ ಇನ್ನೊಬ್ಬರ ಫೋನು. ಆ ಫೋನಿನ ಪರದೆಯಲ್ಲಿ ಮಾತ್ರ ಗ್ರ್ಯಾಂಡ್ ಕ್ಯಾನ್ಯನ್ ಚೆನ್ನಾಗಿ ಕಾಣುತ್ತದೆ. ಕಿಟಕಿ ಸಿಕ್ಕವರ ಪಾಡೂ ಅಷ್ಟಕ್ಕಷ್ಟೇ. ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ಗಾಜಿನಲ್ಲಿ ಪ್ರತಿಫಲಿಸುತ್ತೆ ಅಂತ ಮೊದಲೇ ಹೇಳಿರುತ್ತಾರೆ. ಯಾರು ಕೇಳುತ್ತಾರೆ? ಪ್ರತಿ ಫೋಟೋದಲ್ಲೂ ಬಂಡೆಗಳ ಮೇಲೆ ಬಿಳಿ ಟೀ ಶರ್ಟೊಂದು ತೇಲುತ್ತಿರುತ್ತದೆ.

ನಮ್ಮವರಿಗೆ ಇನ್ನೊಂದು ಕಷ್ಟ. 19ನೇ ಶತಮಾನದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಅಲ್ಲಿನ ಬಂಡೆಗುಡ್ಡಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತೆಲ್ಲ ಹೆಸರಿಟ್ಟ. ಆ ಹೆಸರು ಕೇಳಿದ ಕೂಡಲೇ ಅರ್ಧ ಜನ ಗೋಪುರ ಹುಡುಕುತ್ತಾರೆ, ಇನ್ನರ್ಧ ಜನ ಸುಮ್ನೆ ಕೈ ಮುಗಿಯುತ್ತಾರೆ.

ಇದೆಲ್ಲ ಬಿಡಿ, ಪ್ರವಾಸಿ ಅಂದಮೇಲೆ ಹೀಗೇ. ಸರ್ಕಾರದ ತಮಾಷೆ ಇದಕ್ಕಿಂತ ದೊಡ್ಡದು. 1986ರಲ್ಲಿ ಪ್ರವಾಸಿಗರ ವಿಮಾನವೂ ಹೆಲಿಕಾಪ್ಟರೂ ಕಣಿವೆಯ ಮೇಲೆ ಡಿಕ್ಕಿ ಹೊಡೆದು 25 ಜನ ಸತ್ತರು. ಮರುವರ್ಷವೇ ಕಾಯ್ದೆ ಬಂತು. ಒಳಗೆ ಇಳಿಯಬೇಡಿ, ಗೊತ್ತುಮಾಡಿದ ದಾರಿಯಲ್ಲೇ ಹಾರಿ ಅಂತ ನಿಯಮವಾಯಿತು. ಒಳ್ಳೆಯದೇ. ಜೊತೆಗೆ ಪಾರ್ಕಿನ ಸಹಜ ನಿಶ್ಶಬ್ದವನ್ನು ಗಣನೀಯವಾಗಿ ಮರಳಿ ತರಬೇಕು ಅಂತಲೂ ಅದೇ ಕಾಯ್ದೆ ಹೇಳಿತು. ಗಣನೀಯವಾಗಿ ಅಂದರೆ ಎಷ್ಟು? ಅಧಿಕಾರಿಗಳು ಕೂತು ಲೆಕ್ಕ ಹಾಕಿದರು. ಪಾರ್ಕಿನ ಅರ್ಧ ಭಾಗದಲ್ಲಿ, ದಿನದ ಮುಕ್ಕಾಲು ಹೊತ್ತು ವಿಮಾನದ ಸದ್ದು ಕೇಳಿಸದಿದ್ದರೆ ಸಾಕು, ನಿಶ್ಶಬ್ದ ಬಂದ ಹಾಗೆ! ಮನೆಯ ಎರಡು ಕೋಣೆಗಳ ಪೈಕಿ ಒಂದರಲ್ಲಿ ದಿನದ ಮುಕ್ಕಾಲು ಹೊತ್ತು ಮಗು ಅಳದಿದ್ದರೆ ಮನೆಯೆಲ್ಲ ಶಾಂತ ಅಂತ ಪಂಚನಾಮೆ ಬರೆದ ಹಾಗಾಯಿತು.

ಇಷ್ಟನ್ನಾದರೂ ಮಾಡಿದರಾ? ಅದಕ್ಕೂ ಪಾಪ ವರ್ಷಗಟ್ಟಲೆ ಸಭೆ, ಕರಡು, ಆಕ್ಷೇಪಣೆ ನಡೆದವು. ಕೊನೆಗೆ 2012ರಲ್ಲಿ ಸಂಸತ್ತು ದಾರಿ ಕಂಡುಕೊಂಡಿತು. ಹೆದ್ದಾರಿಗಳಿಗೆ ಹಣ ಕೊಡುವ ದೊಡ್ಡ ಮಸೂದೆಯೊಳಗೆ ಒಂದು ಕಲಮು ಸೇರಿಸಿತು. ಅದೇ ಅರ್ಧ, ಅದೇ ಮುಕ್ಕಾಲು. ಆದರೆ ಇನ್ನುಮುಂದೆ ಲೆಕ್ಕಕ್ಕೆ ಹಿಡಿಯಬೇಕಾದ್ದು ಪರವಾನಗಿ ಪಡೆದ ಟೂರ್ ಕಂಪನಿಗಳ ಸದ್ದು ಮಾತ್ರ. ಮೇಲೆ ಗುಡುಗುತ್ತಾ ಹೋಗುವ ಜೆಟ್ ವಿಮಾನದ್ದು ಸದ್ದೇ ಅಲ್ಲ. ಒಂದು ಹೆಲಿಕಾಪ್ಟರನ್ನೂ ಕೆಳಗಿಳಿಸದೆ, ಬರೀ ಶಾಯಿಯಲ್ಲಿ ನಿಶ್ಶಬ್ದ ತಂದುಬಿಟ್ಟರು. ಅಂಚಿನ ಕಾಲುದಾರಿಯಲ್ಲಿ ನಡೆಯುವವನಿಗೆ ತಲೆ ಮೇಲೆ ಟಪಟಪ ಅಂತ ಕೇಳಿಸಿದರೆ ಅವನು ತಪ್ಪು ಅರ್ಧದಲ್ಲಿ ನಿಂತಿದ್ದಾನೆ, ಅಥವಾ ತಪ್ಪು ಹೊತ್ತಿಗೆ ಬಂದಿದ್ದಾನೆ ಅಂತ ಅರ್ಥ. ಕಾಯ್ದೆಯಲ್ಲಿ ದೋಷವಿಲ್ಲ.

ಕಂಪನಿಗಳಿಗೂ ಪರಿಸರ ಕಾಳಜಿ ಇಲ್ಲದಿಲ್ಲ. ಬಾಲದ ಫ್ಯಾನನ್ನು ಬಳೆಯೊಳಗೆ ಕೂರಿಸಿದ, ಸದ್ದು ಕಮ್ಮಿ ಮಾಡುವ ಹೆಲಿಕಾಪ್ಟರ್ ಇಟ್ಟಿದ್ದಾರೆ. ಕಿಟಕಿಯೂ ದೊಡ್ಡದು. ಅದು ಬೇಕಿದ್ದರೆ ಜಾಸ್ತಿ ದುಡ್ಡು ಕೊಡಬೇಕು ಅಷ್ಟೆ.

ಇಲ್ಲಪ್ಪಾ, ನನಗೆ ನಿಜವಾಗಲೂ ಸದ್ದು ಬೇಡ, ಗ್ರ್ಯಾಂಡ್ ಕ್ಯಾನ್ಯನ್ನನ್ನು ನೆಮ್ಮದಿಯಾಗಿ ನೋಡಬೇಕು ಅನ್ನುವವರು ತಡಮಾಡದೆ ಹೆಲಿಕಾಪ್ಟರನ್ನೇ ಹತ್ತಿ. ಸದ್ದು ತಡೆಯುವ ಹೆಡ್‌ಸೆಟ್ ಕೊಡುವುದು ಅದರೊಳಗೆ ಮಾತ್ರ.