ಹನ್ನೊಂದು ಡಬ್ಬಿಗಳ ಬಾಕಿ

2024ರ ಯುಗಾದಿಯ ಬೆಳಿಗ್ಗೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹನ್ನೊಂದು ಸ್ಟೀಲ್ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದೂ ನಮ್ಮದಲ್ಲ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಬೀದಿಯ ಹಲವು ಮನೆಗಳಿಂದ ಉಪ್ಪಿಟ್ಟು, ಚಿತ್ರಾನ್ನ, ರೊಟ್ಟಿ, ಶೇಂಗಾ ಚಟ್ನಿಪುಡಿ, ಒಮ್ಮೆ ಜ್ವರದ ಕಷಾಯ ಹೀಗೆ ಏನೇನನ್ನೋ ಹೊತ್ತು ತಂದು, ಖಾಲಿಯಾಗಿ, ತೊಳೆಸಿಕೊಂಡು, ಹಿಂದಿರುಗುವ ದಾರಿ ಕಾಣದೆ ಅಲ್ಲೇ ಉಳಿದುಬಿಟ್ಟ ಡಬ್ಬಿಗಳು ಅವು. ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು, ಕೊನೆಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕು ಎಂಬುದು ನಮ್ಮ ಅವ್ವನ ಕಾನೂನು. ಆ ಒಂದೂವರೆ ತಿಂಗಳು ಡಬ್ಬಿಗೆ ಸಕ್ಕರೆ ಹಾಕುವಷ್ಟು ಪುರಸೊತ್ತೂ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ವ್ಯಾಪಾರಿಗಳ ಲೆಕ್ಕ ಬರೆಯುವ ತೆರಿಗೆ ಸಲಹೆಗಾರ. ಉಳಿದವರಿಗೆ ಮಾರ್ಚ್ ಎಂದರೆ ಬಿಸಿಲು. ನಮಗೆ ಅದು ಹೆರಿಗೆಯ ತಿಂಗಳು. ಆ ವರ್ಷದ ಹೆರಿಗೆಯಂತೂ ಕಷ್ಟದ್ದಾಗಿತ್ತು. ಹಿಂದಿನ ವರ್ಷದ ಬಜೆಟ್ಟಿನಲ್ಲಿ ಬಂದಿದ್ದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಎಂಬ ಉಪನಿಯಮವು ಮೊದಲ ಬಾರಿಗೆ ಅನ್ವಯವಾಗುವ ವರ್ಷ ಅದಾಗಿದ್ದರಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ತಂದ ಮಾಲಿನ ಬಾಕಿಯನ್ನು ಬರವಣಿಗೆಯ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಕರಾರಿಲ್ಲದಿದ್ದರೆ 15 ದಿನಗಳಲ್ಲಿ ತೀರಿಸಬೇಕು, ಇಲ್ಲವಾದರೆ ಹಣ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚೆಂದು ತೋರಿಸಲು ಸಾಧ್ಯ ಎಂದು ನಾನು ದಿನಕ್ಕೆ ಇಪ್ಪತ್ತು ಬಾರಿ ದೂರವಾಣಿಯಲ್ಲಿ ವಿವರಿಸುತ್ತಿದ್ದೆ. ಊಟ ಮಾಡುವಾಗಲೂ ವಿವರಿಸುತ್ತಿದ್ದೆ. ಮನೆಯವರೆಲ್ಲರಿಗೂ ಆ ನಿಯಮ ಬಾಯಿಪಾಠವಾಗಿತ್ತು; ಅದರಿಂದ ಮುಂದೆ ನನಗೇ ಕಷ್ಟ ಬಂದಿತೆಂಬುದು ಬೇರೆ ಮಾತು.

ನನ್ನ ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಆ ಸಲ ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳ ಬೋರ್ಡ್ ಪರೀಕ್ಷೆ ಮಾರ್ಚ್ 11ಕ್ಕೆ ಆರಂಭವಾಗಿ, ಮರುದಿನವೇ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತು, 25ಕ್ಕೆ ಮತ್ತೆ ಆರಂಭವಾಯಿತು. ಅದೇ 25ರಂದು ನಮ್ಮ ಮಗಳ ಎಸ್ಸೆಸ್ಸೆಲ್ಸಿಯ ಮೊದಲ ಪತ್ರಿಕೆ. ಇಷ್ಟು ಸಾಲದೆಂದು, ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಯೂ ಅದೇ ಮಾರ್ಚ್‌ನಲ್ಲಿ ಬಂದಿತು.

ದುಗ್ಗಮ್ಮನ ಜಾತ್ರೆ ಎಂದರೇನೆಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಜಾತ್ರೆಗೆ ಮುಂಚೆ ಮನೆಗಳು ಸುಣ್ಣಬಣ್ಣ ಕಾಣುತ್ತವೆ, ಶಾಮಿಯಾನದ ಅಂಗಡಿಯ ಗಾದಿಗಳು ಬಾಡಿಗೆಗೆ ಹೋಗುತ್ತವೆ, ಮತ್ತು ಎರಡು ವರ್ಷ ಒಂದು ಫೋನೂ ಮಾಡದ ನೆಂಟರು ನಾಲ್ಕು ದಿನ ಮೊದಲೇ ಫೋನ್ ಮಾಡಿ, "ಏನಿಲ್ಲ, ಸುಮ್ನೆ ಮಾತಾಡ್ಸೋಣ ಅಂತ ಮಾಡಿದ್ವಿ" ಎನ್ನುತ್ತಾರೆ. ನಮ್ಮ ಮನೆಗೆ ಹದಿನಾಲ್ಕು ಜನ ಬಂದರು. ದೇವಿಯ ದರ್ಶನಕ್ಕೆಂದು ಬಂದವರು ಮೊದಲು ವಿಚಾರಿಸಿದ್ದು ಬೆಣ್ಣೆದೋಸೆ ಎಷ್ಟು ಹೊತ್ತಿಗೆ ಸಿಗುತ್ತದೆಂದು. ದಾವಣಗೆರೆಯಲ್ಲಿ ಭಕ್ತಿಗೂ ದೋಸೆಗೂ ಜಗಳವಿಲ್ಲವಾದ್ದರಿಂದ ಅದನ್ನು ನಾನು ತಪ್ಪೆಂದು ಹೇಳಲಾರೆ.

ಅದು ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತ್ತು. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆಂಬುದು ತಿಳಿಯುತ್ತಿತ್ತೇ ಹೊರತು ಯಾವ ಗಳಿಗೆಗೆ ಎಂಬುದು ತಿಳಿಯುತ್ತಿರಲಿಲ್ಲ. ಹದಿನಾಲ್ಕು ನೆಂಟರನ್ನು ಮಲಗಿಸಿ ನಾನು ಗಾದಿಗಳ ನಡುವೆ ಕಾಲಿಡಲು ಜಾಗ ಹುಡುಕಿಕೊಂಡು ಹೋಗಿ ಮಲಗಿದ ರಾತ್ರಿ, ಬೆಳಗಿನ ಜಾವ ಮೂರು ಗಂಟೆಗೆ ಸೆಕ್ರೆಟರಿ ಬೊಗಳತೊಡಗಿತು.

ಸೆಕ್ರೆಟರಿ ಎಂದರೆ ನಾಯಿ. ಬೀದಿಯವರ ಸಭೆ ಯಾರ ಮನೆಯ ಜಗಲಿಯಲ್ಲಿ ನಡೆದರೂ ಕರೆಯದೆ ಬಂದು, ಮೊದಲಿನಿಂದ ಕೊನೆಯವರೆಗೆ ಕುಳಿತು, ಯಾವ ವಿಷಯಕ್ಕೂ ಅಭಿಪ್ರಾಯ ಹೇಳದೆ, ಬಿಸ್ಕತ್ತು ತಿಂದು ಹೋಗುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಿದ್ದಿತು. ನಿಜವಾದ ಕಾರ್ಯದರ್ಶಿಯವರು ಇದನ್ನು ಮೊದಮೊದಲು ಮನಸ್ಸಿಗೆ ಹಚ್ಚಿಕೊಂಡಿದ್ದರು. ಈಚೆಗೆ "ನಾನು ಎರಡು ಕಾಲಿನವನು" ಎಂದು ತಾವೇ ಪರಿಚಯ ಮಾಡಿಕೊಳ್ಳುತ್ತಾರೆ. ಅದು ಯಾರ ಸಾಕುನಾಯಿಯೂ ಅಲ್ಲ, ಆದರೆ ಮಲಗುವುದು ನಮ್ಮ ಗೇಟಿನೊಳಗೆ. ನಿದ್ದೆಗಣ್ಣಿನಲ್ಲಿ ನಾನು ಕಿಟಕಿಯಿಂದ ಒಂದು ಚಪ್ಪಲಿ ಎಸೆದೆ. ಅದು ಇನ್ನಷ್ಟು ಬೊಗಳಿತು. ಎರಡನೆಯದನ್ನೂ ಎಸೆದೆ. ಆಗ ಅವ್ವ ಎದ್ದು ಹೊರಗೆ ಹೋದ ಸದ್ದು, ಸಂಪಿನ ಮುಚ್ಚಳ ಸರಿದ ಸದ್ದು, ಆಮೇಲೆ ನೀರು ಧುಮುಕಿದ ಸದ್ದು ಕೇಳಿಸಿದವು. ನೀರು ಬರುವ ಮುನ್ನ ಖಾಲಿ ಕೊಳವೆಯಿಂದ ಗಾಳಿ ಹೊರಡುವಾಗ ನಲ್ಲಿಯು ಹಾವಿನಂತೆ ಬುಸ್ಸೆನ್ನುತ್ತದೆ. ಮನುಷ್ಯರ ಕಿವಿಗೆ ಬೀಳದ ಆ ಬುಸ್ಸಿಗೆ ನಾಯಿ ಬೊಗಳುತ್ತಿತ್ತು, ನಾಯಿಯ ಸದ್ದಿಗೆ ಅವ್ವ ಏಳುತ್ತಿದ್ದಳು, ಅವ್ವ ಎದುರುಮನೆಯ ಅಜ್ಜಿಯನ್ನು ಕೂಗುತ್ತಿದ್ದಳು, ಅಜ್ಜಿ ಇಡೀ ಬೀದಿಯನ್ನು ಎಬ್ಬಿಸುತ್ತಿದ್ದರು. ಎಷ್ಟೋ ತಿಂಗಳಿಂದ ಈ ವ್ಯವಸ್ಥೆ ನಡೆಯುತ್ತಿದ್ದುದು, ನಲ್ಲಿಯ ನೀರಿನಲ್ಲಿ ದಿನವೂ ಸ್ನಾನ ಮಾಡುತ್ತಿದ್ದ ನನಗೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ. ಬೆಳಿಗ್ಗೆ ಎರಡೂ ಚಪ್ಪಲಿಗಳು ಬಾಗಿಲ ಮುಂದೆ ಜೋಡಿಯಾಗಿ ಇದ್ದವು. ಯಾರು ತಂದಿಟ್ಟರೆಂದು ನಾನು ಕೇಳಲಿಲ್ಲ. ಎಡ ಚಪ್ಪಲಿಯ ಮೇಲೆ ಹಲ್ಲಿನ ಗುರುತಿತ್ತು.

ಇನ್ನು ಬೆಕ್ಕು. ಅದರ ಹೆಸರು ಗೌಡ್ತಿ, ನಡಿಗೆಯೂ ಹಾಗೆಯೇ. ಜಾತ್ರೆಯ ಗದ್ದಲಕ್ಕೆ ಬೇಸತ್ತು ಅದು ನನ್ನ ಕೋಣೆಯ ಬೀರು ಸೇರಿ, ಮಂಡಿಪೇಟೆಯ ಒಬ್ಬ ಸಾಹುಕಾರರ ಖರೀದಿ ಬಿಲ್ಲುಗಳ ಕಟ್ಟಿನ ಮೇಲೆ ಮೂರು ಮರಿ ಹಾಕಿತು. ಆ ಬಿಲ್ಲುಗಳನ್ನು ನಾನು ಎರಡು ದಿನ ಮೊದಲೇ ನೋಡಿ ಮುಗಿಸಿದ್ದೇನೆಂದು ಸಾಹುಕಾರರಿಗೆ ಹೇಳಿಬಿಟ್ಟಿದ್ದೆ; ನಿಜದಲ್ಲಿ ಕಟ್ಟಿನ ದಾರವನ್ನೂ ಬಿಚ್ಚಿರಲಿಲ್ಲ. ಅವರು ಸಂಜೆ ಕಡತಕ್ಕಾಗಿ ಬಂದೇಬಿಟ್ಟರು. ಬೀರುವಿನ ಬಾಗಿಲು ತೆರೆದು ತೋರಿಸುವುದಲ್ಲದೆ ನನಗೆ ಬೇರೆ ದಾರಿ ಇರಲಿಲ್ಲ. ಅವರು ಬಗ್ಗಿ ನೋಡಿ, ಚಪ್ಪಲಿ ಕಳಚಿ, ಕೈಮುಗಿದರು. "ಸಾರ್, ನಮ್ಮ ಲೆಕ್ಕದ ಮ್ಯಾಲೆ ಬೆಕ್ಕು ಮರಿ ಹಾಕೈತೆ ಅಂದ್ರೆ ಲಕ್ಷ್ಮಿ ಕುಂತಂಗೆ. ಎಬ್ಬಿಸಬ್ಯಾಡ್ರಿ, ನಿಧಾನಕ್ಕೆ ಮಾಡ್ರಿ" ಎಂದರು. ಮಾರ್ಚ್ ತಿಂಗಳಲ್ಲಿ ಒಬ್ಬ ವ್ಯಾಪಾರಿಯ ಬಾಯಿಂದ "ನಿಧಾನಕ್ಕೆ" ಎಂಬ ಮಾತನ್ನು ನನ್ನ ಇಪ್ಪತ್ತೆರಡು ವರ್ಷಗಳ ವೃತ್ತಿಯಲ್ಲಿ ಆ ಒಂದು ಸಲ ಮಾತ್ರ ಕೇಳಿದ್ದೇನೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬ ಮಾತಿನಂತೆ ಗೌಡ್ತಿಯೂ ಐದನೆಯ ದಿನ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊರಟಿತು. ಪ್ರತಿ ಮನೆಯವರೂ ಅದಕ್ಕೆ ಹಾಲಿಟ್ಟು, ಹಾಗೆಯೇ "ಗೌಡ್ತಿ ಮನೆಯವರು ಊಟ ಮಾಡಿದರೋ ಇಲ್ಲವೋ" ಎಂದು ನಮಗೂ ಒಂದೊಂದು ಡಬ್ಬಿ ಕಳಿಸಿದರು. ಹನ್ನೊಂದರಲ್ಲಿ ನಾಲ್ಕು ಡಬ್ಬಿಗಳು ಹೀಗೆ ಬೆಕ್ಕಿನ ಬಾಣಂತನದ ಬಾಬತ್ತಿನವು.

25ನೆಯ ತಾರೀಕಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾತ್ರ ಹೇಳಿಕೊಳ್ಳುವಂಥದ್ದಲ್ಲ. ಹೆಂಡತಿ ತನ್ನ ಶಾಲೆಗೆ ಹೊರಟಿದ್ದರಿಂದ ಮಗಳನ್ನು ಪರೀಕ್ಷಾ ಕೇಂದ್ರಕ್ಕೆ ಬಿಡುವ ಹೊಣೆ ನನ್ನದಾಯಿತು. ಎರಡು ನೀಲಿ ಪ್ಲಾಸ್ಟಿಕ್ ಫೈಲುಗಳಿದ್ದವು: ಒಂದರಲ್ಲಿ ಅವಳ ಪ್ರವೇಶಪತ್ರ, ಇನ್ನೊಂದರಲ್ಲಿ ಒಂದು ಬಟ್ಟೆ ಅಂಗಡಿಯ ಬಾಕಿದಾರರ ಪಟ್ಟಿ. ಗೇಟಿನ ಮುಂದೆ ಅವಳು ಫೈಲು ತೆರೆದು, "ಅಪ್ಪಾ, ಇದರಲ್ಲಿ ಹರಿಹರದ ಮೂವರು ದುಡ್ಡು ಕೊಡಬೇಕು ಅಂತ ಬರೆದೈತೆ" ಎಂದಾಗ ಗಂಟೆ ಹತ್ತು. ಪರೀಕ್ಷೆ ಹತ್ತೂವರೆಗೆ. ನಾನು ಬೆವರುತ್ತ ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಎದುರುಮನೆಯ ಅಜ್ಜಿ. ಅವರು ನನ್ನ ಮಾತನ್ನು ಪೂರ್ತಿ ಕೇಳದೆಯೇ, "ಹುಡುಗ ಆಗ್ಲೇ ಹೊಂಟಾನ, ನೀ ಅಲ್ಲೇ ಇರು, ಎಲ್ಲೂ ಹೋಗಬ್ಯಾಡ" ಎಂದರು. ನಾವು ಬೀದಿಯ ತಿರುವು ದಾಟುವ ಮೊದಲೇ ಅವ್ವ ಮೇಜಿನ ಮೇಲಿದ್ದ ಫೈಲನ್ನು ಕಂಡು ಕೂಗಿದ್ದಳಂತೆ. ಮೂರನೇ ಮನೆಯ ಪಿಯುಸಿ ಹುಡುಗ ಪೇಸ್ಟು ಹಚ್ಚಿದ ಬ್ರಷ್ಷನ್ನು ಬಾಯಲ್ಲಿ ಇಟ್ಟುಕೊಂಡೇ ಬೈಕು ಹತ್ತಿದ್ದನಂತೆ. ನಿಟುವಳ್ಳಿಯಿಂದ ಕೇಂದ್ರದವರೆಗೂ ಅವನು ಹಾಗೆಯೇ ಬಂದ. ಪ್ರವೇಶಪತ್ರ ಕೈಗಿಟ್ಟು, ಪಕ್ಕಕ್ಕೆ ತಿರುಗಿ ಉಗುಳಿ, "ಆಲ್ ದಿ ಬೆಸ್ಟ್ ಅಕ್ಕ" ಎಂದ. ಅವಳಿಗಿಂತ ಅವನು ಎರಡು ವರ್ಷ ದೊಡ್ಡವನು. ಗಾಬರಿಯಲ್ಲಿ ವಯಸ್ಸಿನ ಲೆಕ್ಕ ತಪ್ಪುತ್ತದೆ.

ಆ ರಾತ್ರಿ ಮನಸ್ಸು ತುಂಬಿ ಬಂದು, ಊಟಕ್ಕೆ ಕುಳಿತಾಗ ಅವ್ವನಿಗೆ, "ಅವ್ವಾ, ನಿನಗೆ ಧನ್ಯವಾದ ಹೇಳಬೇಕು" ಎಂದೆ. ಅವಳು ಬಡಿಸುವ ಸೌಟನ್ನು ಹಾಗೆಯೇ ಹಿಡಿದು ನನ್ನ ಮುಖ ನೋಡಿ, ಎಡಗೈಯಿಂದ ನನ್ನ ಹಣೆ ಮುಟ್ಟಿ, "ಯಾಕಪ್ಪ, ಮೈಯಾಗೆ ಹುಷಾರಿಲ್ಲೇನು?" ಎಂದಳು. ಧನ್ಯವಾದ ಎಂಬುದು ಸಭೆಯ ಕೊನೆಯಲ್ಲಿ ವಂದನಾರ್ಪಣೆಗೆ ಬಳಸುವ ಪದ. ಅದನ್ನು ಮನೆಯೊಳಗೆ ತಂದರೆ ಸಭೆ ಮುಗಿಯಿತು, ಇನ್ನು ಎಲ್ಲರೂ ಹೊರಡಬಹುದು ಎಂಬ ಅರ್ಥ ಬರುತ್ತದೆ. ನಾನು ಜ್ವರವಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ ಅವಳು ಎದುರುಮನೆಗೆ ಸುದ್ದಿ ಮುಟ್ಟಿಸಿದಳು. ಅರ್ಧ ಗಂಟೆಯಲ್ಲಿ ಶುಂಠಿ, ಮೆಣಸು ಕುದಿಸಿದ ಕಷಾಯ ಬಂತು. ಹನ್ನೊಂದರಲ್ಲಿ ಅದೂ ಒಂದು ಡಬ್ಬಿ.

ಹೀಗೆ ಯುಗಾದಿ ಬಂತು. ಏಪ್ರಿಲ್ 6ಕ್ಕೆ ಮಗಳ ಪರೀಕ್ಷೆ ಮುಗಿದಿತ್ತು, ನೆಂಟರು ಊರು ಸೇರಿದ್ದರು. ಹೆಂಡತಿ ಹೋಳಿಗೆಯ ಹೂರಣ ರುಬ್ಬುತ್ತ ಡಬ್ಬಿಗಳ ಸಾಲಿನ ಕಡೆ ಕಣ್ಣು ಹಾಯಿಸಿ, "ರೀ, ಎದುರುಮನೆ ಅಜ್ಜಿಯ ಮೊದಲನೇ ಡಬ್ಬಿ ಬಂದು ಐವತ್ತು ದಿನ ಆಗ್ತಾ ಬಂತು. ಅದು ಸೂಕ್ಷ್ಮ ಉದ್ದಿಮೆ. ಬರವಣಿಗೆಯ ಕರಾರೂ ಇಲ್ಲ, ಹದಿನೈದೇ ದಿನ" ಎಂದಳು. ಕಾಯ್ದೆಯನ್ನು ಮನೆಯಲ್ಲಿ ವಿವರಿಸಬಾರದೆಂದು ನಾನು ಅಂದು ಕಲಿತೆ.

ಬಾಕಿಯನ್ನು ಒಂದೇ ದಿನದಲ್ಲಿ ತೀರಿಸುವುದೆಂದು ತೀರ್ಮಾನಿಸಿ, ಡಬ್ಬಿಗೆ ನಾಲ್ಕರಂತೆ ಹೋಳಿಗೆ ತುಂಬಿ, ಯಾವುದು ಯಾರದೆಂದು ತಿಳಿಯಲು ಪ್ರತಿಯೊಂದನ್ನೂ ತಲೆಕೆಳಗು ಮಾಡಿ ನೋಡಿದೆ. ಹೋಳಿಗೆ ತುಂಬುವ ಮೊದಲು ತಲೆಕೆಳಗು ಮಾಡಬೇಕಿತ್ತೆಂಬುದು ಎರಡನೆಯ ಡಬ್ಬಿಗೆ ಹೊಳೆಯಿತು. ಪಾತ್ರೆ ಅಂಗಡಿಯವರು ಟರ್ರೆನ್ನುವ ಸೂಜಿಯಂತ್ರದಿಂದ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರುಗಳು ತಳದಲ್ಲಿದ್ದವು. ಲೆಕ್ಕದವನಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ? ಹೆಸರು ನೋಡಿ ಮನೆ ಬರೆದುಕೊಂಡು ಹೊರಟೆ. ಸೆಕ್ರೆಟರಿ ಹೋಳಿಗೆಯ ಸಭೆಯಿದೆಯೆಂದು ತಿಳಿದು ಹಿಂಬಾಲಿಸಿತು.

ಮೊದಲು ಹಿಂದಿನ ಬೀದಿಯ ನಿವೃತ್ತ ಮೇಷ್ಟರ ಮನೆ. ಅವರು ಡಬ್ಬಿ ತೆಗೆದುಕೊಂಡು, ಹೋಳಿಗೆಯನ್ನು ನೋಡದೆ, ಕನ್ನಡಕ ಏರಿಸಿ ತಳವನ್ನು ಓದಿದರು. ಅವರ ಮುಖ ಇಳಿಯಿತು. "ಇದು ನಾನು 2009ರಾಗೆ ಎದುರುಮನೆಯವರ ಮಗನ ಮದುವೆಗೆ ಹಾಕಿದ ಮುಯ್ಯಿ. ಹದಿನೈದು ವರ್ಷದ ಮ್ಯಾಲೆ ವಾಪಸ್ ಕಳಿಸ್ಯಾರಲ್ಲ, ನಮ್ಮಿಂದ ಏನು ತಪ್ಪಾತು?" ಎಂದರು. ಆಗ ನನಗೆ ಅರ್ಥವಾಯಿತು: ಡಬ್ಬಿಯ ಮೇಲಿರುವುದು ಕೊಟ್ಟವರ ಹೆಸರೇ ಹೊರತು ಇಟ್ಟುಕೊಂಡವರದಲ್ಲ. ನಾನು ವಿವರಿಸಲು ಹೊರಡುವಷ್ಟರಲ್ಲಿ ಅವರ ಮನೆಯವರು ಆ ಡಬ್ಬಿಯನ್ನು ಒಳಗೆ ಒಯ್ದು, ಖಾಲಿ ಕಳಿಸಬಾರದೆಂದು ಶ್ಯಾವಿಗೆ ಪಾಯಸ ತುಂಬಿ, ಅದಕ್ಕೆ ಮುಚ್ಚಳ ಕೂರದ ಕಾರಣ ತಮ್ಮದೇ ಇನ್ನೊಂದು ಡಬ್ಬಿಗೆ ಸುರಿದು, ಎರಡನ್ನೂ ನನ್ನ ಕೈಗಿತ್ತರು. ಅಲ್ಲಿಂದ ಮುಂದಿನ ನಾಲ್ಕು ಮನೆಗಳಲ್ಲೂ ಹೀಗೆಯೇ ನಡೆಯಿತು. ಒಂದು ಡಬ್ಬಿಯ ತಳದಲ್ಲಿ ಹೆಸರಿದ್ದ ಹೊನ್ನಾಳಿಯ ಬೀಗರು ನಾನು ಹೋಗಿದ್ದ ಆ ಮನೆಗೆ ಈಗ ಬೀಗರೇ ಅಲ್ಲವೆಂದೂ, ಅವರ ಹೆಸರನ್ನು ಹಬ್ಬದ ದಿನ ಎತ್ತಬಾರದಿತ್ತೆಂದೂ ತಡವಾಗಿ ತಿಳಿಯಿತು.

ಹನ್ನೊಂದು ಡಬ್ಬಿ ಹೊತ್ತು ಹೊರಟವನು ಸಂಜೆ ಹದಿಮೂರರೊಂದಿಗೆ ಮನೆಗೆ ಬಂದೆ. ಎದುರುಮನೆಯ ಅಜ್ಜಿ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡಿದ್ದರು. "ಡಬ್ಬಿ ಹೋಗ್ಲಿ ಬಿಡಪ್ಪ, ಮುಚ್ಚಳ ಯಾರ ಮನ್ಯಾಗೆ ಬಿಟ್ಟು ಬಂದಿ?" ಎಂದರು. ಅವ್ವ ಮತ್ತು ಅಜ್ಜಿ ಸೇರಿ, ಯಾವ ದಾಖಲೆಯನ್ನೂ ನೋಡದೆ, ಡಬ್ಬಿಯ ಅಂಚನ್ನು ಹೆಬ್ಬೆರಳಿನಿಂದ ಸವರಿಯೇ ಇದು ಇವರದು ಅದು ಅವರದು ಎಂದು ಹತ್ತು ನಿಮಿಷಗಳಲ್ಲಿ ಬೇರೆ ಮಾಡಿ, ಮೂರನೇ ಮನೆಯ ಆ ಹುಡುಗನ ಕೈಯಲ್ಲಿ ಕಳಿಸಿಕೊಟ್ಟರು.

ಒಂದು ಮಾತ್ರ ಉಳಿಯಿತು. ಅದರ ತಳದ ಚುಕ್ಕಿಗಳು ತಿಕ್ಕಿ ತಿಕ್ಕಿ ಸವೆದು, "ಇವರ ಪ್ರೀತಿಯ ಕಾಣಿಕೆ" ಎಂಬುದಷ್ಟೇ ಓದಲು ಬರುತ್ತದೆ. ಬೀದಿಯಲ್ಲಿ ಯಾರೂ ಅದನ್ನು ತಮ್ಮದೆನ್ನಲಿಲ್ಲವಾದ್ದರಿಂದ ನಾವು ಅದರಲ್ಲಿ ಸೆಕ್ರೆಟರಿಯ ಬಿಸ್ಕತ್ತು ಹಾಕಿಟ್ಟಿದ್ದೇವೆ. ಮೊನ್ನೆ ಎದುರುಮನೆಯ ಅಜ್ಜಿ ಸಕ್ಕರೆ ಕೇಳಲು ಬಂದವರು ಅದನ್ನು ಕೈಗೆತ್ತಿಕೊಂಡು, ಅಂಚನ್ನು ಸವರಿ, "ಇದು ನಮ್ಮ ಮನೇದಲ್ಲೇನು?" ಎಂದರು. ಬಾಗಿಲಲ್ಲಿ ಮಲಗಿದ್ದ ಸೆಕ್ರೆಟರಿ ತಲೆಯೆತ್ತಿ, ಮೊದಲ ಬಾರಿಗೆ ಒಂದು ವಿಷಯದ ಬಗ್ಗೆ ತನ್ನ ಅಭಿಪ್ರಾಯ ಹೇಳಿತು.