ಸ್ಪಷ್ಟನೆ: ಜೈಪುರ ಕಾಲು ಬೇರೆ, ಜೈಪುರ ಮಂಡಿ ಬೇರೆ

"ಜೈಪುರ ಕಾಲನ್ನು ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಅದನ್ನು ನಾನೂ ಹಂಚಿದ್ದೆ. ಅದು ತಪ್ಪು.

ಜೈಪುರ ಕಾಲು ಎಂಬ ಕೃತಕ ಪಾದ ರೂಪುಗೊಂಡಿದ್ದು 1968ರಲ್ಲಿ, ಜೈಪುರದಲ್ಲೇ. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಅದರ ಹಿಂದಿದ್ದವರು. ರಬ್ಬರು, ಮರ ಬಳಸಿ ಮಾಡಿದ ಆ ಪಾದದಲ್ಲಿ ಬರಿಗಾಲಲ್ಲಿ ಗದ್ದೆಗಿಳಿಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮಾ ಅವರ ಹೆಸರನ್ನು ಬಿಡುವುದಂತೂ ನನಗೆ ತೀರಾ ಅನ್ಯಾಯ ಅನಿಸುತ್ತದೆ.

ಹಾಗಾದರೆ ಸ್ಟ್ಯಾನ್‌ಫರ್ಡ್ ಎಲ್ಲಿಂದ ಬಂತು? ಅಲ್ಲಿನ ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳು ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಜೊತೆ ಸೇರಿ ವಿನ್ಯಾಸ ಮಾಡಿದ್ದು ಜೈಪುರ ಮಂಡಿ ಎಂಬ ಕೃತಕ ಮಂಡಿಯನ್ನು. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರಿಗೆ ಪಾದವೊಂದೇ ಸಾಲದು. ಬಾಗಿಲ ತಿರುಗಣಿಯಂಥ ಒಂದೇ ಕೀಲಿನ ಮಂಡಿ ಭಾರ ಬಿದ್ದಾಗ ಥಟ್ಟನೆ ಮಡಚಿ ಬೀಳಿಸಬಲ್ಲದು. ಇವರು ನಾಲ್ಕು ಕೊಂಡಿಗಳ ರಚನೆ ಬಳಸಿದರು. ಮಂಡಿ ಮಡಚಿದಂತೆ ಅದರ ತಿರುಗುವ ಕೇಂದ್ರವೂ ಜರುಗುತ್ತದೆ. ಹಾಗಾಗಿ ನಿಂತಾಗ ಗಟ್ಟಿ, ಹೆಜ್ಜೆ ಎತ್ತಿದಾಗ ಸಡಿಲ. ಎಣ್ಣೆ ತುಂಬಿದ ನೈಲಾನ್‌ನಿಂದ ಮಾಡಿದ್ದರಿಂದ ಆಗ ಅದರ ಬೆಲೆ ಸುಮಾರು 20 ಡಾಲರ್ ಇತ್ತು. 2009ರಲ್ಲಿ ಟೈಮ್ ಪತ್ರಿಕೆ ವರ್ಷದ ಶ್ರೇಷ್ಠ ಆವಿಷ್ಕಾರಗಳಲ್ಲಿ ಸೇರಿಸಿದ್ದು ಈ ಮಂಡಿಯನ್ನೇ. ಸಂದೇಶದಲ್ಲಿ ಎರಡೂ ಒಂದಾಗಿಬಿಟ್ಟಿವೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.