ಸತ್ಯಾಂಶ: ಅಮೆರಿಕದ ಯಹೂದಿ ಮಕ್ಕಳು ಮಾಮೂಲಿ ಶಾಲೆಗೆ ಹೋಗುವುದಿಲ್ಲವೇ?

"ಅಮೆರಿಕದ ಯಹೂದಿ ಮಕ್ಕಳು ಮಾಮೂಲಿ ಶಾಲೆಗೆ ಹೋಗುವುದೇ ಇಲ್ಲ, ಹೀಬ್ರೂ ಸ್ಕೂಲ್‌ನಲ್ಲಿ ಧರ್ಮ ಮಾತ್ರ ಕಲಿಯುತ್ತಾರೆ" ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಇದು ತಪ್ಪು. ಗೊಂದಲಕ್ಕೆ 'ಹೀಬ್ರೂ ಸ್ಕೂಲ್' ಎಂಬ ಹೆಸರೇ ಕಾರಣ ಅನಿಸುತ್ತದೆ.

ಹೀಬ್ರೂ ಸ್ಕೂಲ್ ಪೂರ್ತಿ ದಿನದ ಶಾಲೆಯಲ್ಲ. ಗಣಿತ, ವಿಜ್ಞಾನಕ್ಕೆ ಈ ಮಕ್ಕಳು ಎಲ್ಲರಂತೆ ಮಾಮೂಲಿ ಶಾಲೆಗೇ ಹೋಗುತ್ತಾರೆ. ಭಾನುವಾರ ಬೆಳಿಗ್ಗೆ, ಕೆಲವು ಕಡೆ ವಾರದ ನಡುವೆ ಒಂದೆರಡು ಸಂಜೆ, ಸಾಮಾನ್ಯವಾಗಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಈ ತರಗತಿ ನಡೆಯುತ್ತದೆ. 22 ಹೀಬ್ರೂ ಅಕ್ಷರ, ಬಲದಿಂದ ಎಡಕ್ಕೆ ಓದುವ ಅಭ್ಯಾಸ, ಪ್ರಾರ್ಥನೆ, ಹಬ್ಬಗಳ ಕಥೆ. ಎಷ್ಟೋ ಮಕ್ಕಳಿಗೆ ಹೀಬ್ರೂ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ. ನಮ್ಮ ಮಕ್ಕಳು ಅರ್ಥ ಗೊತ್ತಿಲ್ಲದೆ ಶ್ಲೋಕ ಒಪ್ಪಿಸ್ತಾರಲ್ವಾ, ಹಾಗೆ! ಹುಡುಗರಿಗೆ 13ಕ್ಕೆ ಬಾರ್ ಮಿಟ್ಸ್ವಾ, ಹುಡುಗಿಯರಿಗೆ 12 ಅಥವಾ 13ಕ್ಕೆ ಬಾತ್ ಮಿಟ್ಸ್ವಾ: ಧರ್ಮದ ಲೆಕ್ಕದಲ್ಲಿ ದೊಡ್ಡವರಾದರು ಎಂಬ ಸಮಾರಂಭ. ಅಂದು ಎಲ್ಲರೆದುರು ಯಹೂದಿಗಳ ಧರ್ಮಗ್ರಂಥ ಟೋರಾದ ಭಾಗ ಓದುವುದಕ್ಕೆ ಇಲ್ಲೇ ತಯಾರಿ. ಅದು ಮುಗಿದದ್ದೇ ತರಗತಿ ಬಿಡುವ ಮಕ್ಕಳೂ ಬಹಳ.

ಈ ಪದ್ಧತಿ ಹೊಸದಲ್ಲ. 1838ರಲ್ಲಿ ರೆಬೆಕಾ ಗ್ರಾಟ್ಜ್ ಎಂಬ ಮಹಿಳೆ ಫಿಲಡೆಲ್ಫಿಯಾದಲ್ಲಿ ಭಾನುವಾರದ ಯಹೂದಿ ಶಾಲೆ ಶುರು ಮಾಡಿದರು. ಕ್ರೈಸ್ತರ ಸಂಡೇ ಸ್ಕೂಲ್ ಅದಕ್ಕೆ ಮಾದರಿ. ಪಾಠ ಇಂಗ್ಲಿಷಿನಲ್ಲಿ, ಕಲಿಸುವವರು ಹೆಂಗಸರು.

ಸಂದೇಶದಲ್ಲಿ ಒಂದು ಎಳೆಯಷ್ಟು ನಿಜವಿದೆ. ಪೂರ್ತಿ ದಿನದ ಯಹೂದಿ ಶಾಲೆಗಳೂ ಇವೆ. ಅಲ್ಲೂ ಸಾಮಾನ್ಯವಾಗಿ ಉಳಿದ ವಿಷಯಗಳನ್ನು ಕಲಿಸುತ್ತಾರೆ. ನ್ಯೂಯಾರ್ಕಿನ ಕೆಲವು ಹಸಿದಿಕ್ ಯೆಶಿವಾಗಳಲ್ಲಿ (ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಧಾರ್ಮಿಕ ಶಾಲೆಗಳಲ್ಲಿ) ಇಂಗ್ಲಿಷ್, ಗಣಿತ ಕಲಿಸುವುದು ಸಾಲದು ಎಂಬ ವಿವಾದವಿದೆ. ಅದನ್ನೇ ಸುಮ್ನೆ ಎಲ್ಲರಿಗೂ ಅಂಟಿಸಿದ್ದಾರೆ.